ದೇವೀರಿಯ ಸೊಟ್ಟ ಅಚ್ಚು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಯಾರು ಎಲ್ಲಿ ಕೂರಬೇಕೆಂದು ಬೆಟ್ಟಗಳು ಜಗಳವಾಡುತ್ತಿದ್ದವು. ಹೊಳೆಗಳಿಗೆ ಸಮುದ್ರದ ದಾರಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹೋಗುತ್ತಿದ್ದವು. ಗಾಳಿಯೊಂದು ಮಾತ್ರ ಆಗಲೂ ಈಗಿನ ಹಾಗೇ ಇತ್ತು. ಕೂತಲ್ಲಿ ಕೂರದು, ನಿಂತಲ್ಲಿ ನಿಲ್ಲದು.

ಆ ಕಾಲದಲ್ಲಿ ಒಬ್ಬಳು ತಾಯಿ ಇದ್ದಳು. ಅವಳಿಗೆ ಒಬ್ಬಳೇ ಮಗಳು, ಹೆಸರು ಮೊಗ್ಗಿ. ಲೋಕಕ್ಕೇ ಮಕ್ಕಳು ಹೊಸದಾದ್ದರಿಂದ ಮೊಗ್ಗಿಯನ್ನು ನೋಡಲು ಅಳಿಲು ಬಂತು, ಗುಬ್ಬಿ ಬಂತು, ಹೊಳೆ ಕೂಡ ದಡ ಬಿಟ್ಟು ಅಂಗಳದವರೆಗೂ ಬಂದು ಬೈಸಿಕೊಂಡು ಹೋಯಿತು.

ಮೊಗ್ಗಿಯ ಮೈಯೊಳಗೆ ಒಂದು ಊರಿತ್ತು. ನಿನ್ನ ಮೈಯೊಳಗೂ ಇದೆ, ಸುಮ್ಮನೆ ಕೇಳು. ಆ ಊರಿಗೆ ಎರಡು ನೀರು. ಒಂದು ಕೆಂಪು ಹೊಳೆ, ಅದನ್ನು ಎದೆಯೊಳಗಿನ ಗುಂಡಿಗೆ ಹಗಲೂ ರಾತ್ರಿ ತಳ್ಳುತ್ತಿತ್ತು. ಇನ್ನೊಂದು ತಿಳಿಹಳ್ಳ. ಪಾಪ, ಅದನ್ನು ತಳ್ಳುವವರು ಯಾರೂ ಇಲ್ಲ. ಮೊಗ್ಗಿ ಕೈಕಾಲು ಆಡಿಸಿದರೆ ಅದು ಹರಿಯುತ್ತಿತ್ತು, ಮೊಗ್ಗಿ ಮಲಗಿದರೆ ಅದೂ ತೂಕಡಿಸುತ್ತಿತ್ತು. ಹಳ್ಳದ ದಾರಿಯುದ್ದಕ್ಕೂ ಕಟ್ಟೆಗಳಿದ್ದವು. ಕೊರಳಲ್ಲೊಂದು ಕಟ್ಟೆ, ಕಂಕುಳಲ್ಲೊಂದು ಕಟ್ಟೆ, ತೊಡೆಯ ಸಂದಿನಲ್ಲೊಂದು ಕಟ್ಟೆ. ಕಟ್ಟೆಗಳ ಮೇಲೆ ಅಚ್ಚಿನವರು ಕೂತಿರುತ್ತಿದ್ದರು.

ಸಂಕ್ರಾಂತಿಗೆ ಸಕ್ಕರೆ ಪಾಕ ಹೊಯ್ಯುವ ಮರದ ಅಚ್ಚು ನೋಡಿದ್ದೀಯಲ್ಲ? ಎರಡು ಹೋಳು. ಹೋಳಿಗೆ ಹೋಳು ಸೇರಿಸಿ ದಾರ ಬಿಗಿದರೆ ಒಳಗೆ ಒಂದು ಗಿಣಿಯ ಆಕಾರದ ಗುಂಡಿ, ಇಲ್ಲವೇ ಹೂಬುಟ್ಟಿಯ ಆಕಾರದ ಗುಂಡಿ. ಅಚ್ಚಿನವರ ಕೈಯಲ್ಲಿದ್ದದ್ದು ಅಂಥದೇ. ಅವರು ಹುಟ್ಟುತ್ತಿದ್ದದ್ದು ಮೂಳೆಯ ಗುಡ್ಡದಲ್ಲಿ. ಹುಟ್ಟಿದ ಕೂಡಲೇ ಕಣ್ಣು ಮುಚ್ಚಿಕೊಂಡು ಈ ರಾಶಿಯಿಂದ ಒಂದು ಹೋಳು, ಆ ರಾಶಿಯಿಂದ ಒಂದು ಹೋಳು ಎತ್ತಿಕೊಳ್ಳಬೇಕು. ಬಂದದ್ದೇ ಭಾಗ್ಯ. ಒಬ್ಬರ ಅಚ್ಚಿನ ಹಾಗೆ ಇನ್ನೊಬ್ಬರದಿಲ್ಲ, ಒಬ್ಬರಿಗೆ ಜನ್ಮಕ್ಕೆಲ್ಲ ಒಂದೇ ಅಚ್ಚು.

ಇಷ್ಟೆಲ್ಲ ಅಚ್ಚು ಯಾರಿಗೆ? ಇನ್ನೂ ಬಾರದ ಶತ್ರುವಿಗೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಾವು ನಗುತ್ತೇವೆ. ಆ ಊರಿನವರು ನಗುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಬಂತು ಎನ್ನುವ ಜನ ಅವರು.

ಅಚ್ಚು ಹಿಡಿದವರೆಲ್ಲ ಮೊದಲು ಎದೆಮೂಳೆಯ ಹಿಂದಿನ ಸಣ್ಣಜ್ಜಿಯ ಮುಂದೆ ನಿಲ್ಲಬೇಕಿತ್ತು. ಸಣ್ಣಜ್ಜಿ ಬಲು ಬಿಗಿ. ಪ್ರತಿಯೊಬ್ಬರ ಅಚ್ಚನ್ನೂ ಊರಿನ ಮನೆಮನೆಯ ಬಾಗಿಲಿಗೆ ಒತ್ತಿ ನೋಡುವಳು. ಊರಿನ ಯಾವುದಾದರೂ ಮನೆಗೆ ಅಚ್ಚು ಗಟ್ಟಿಯಾಗಿ ಹಿಡಿದುಕೊಂಡಿತೋ, "ನೀನು ಮನೆಯವರನ್ನೇ ಹಿಡಿಯೋಳು. ಆಚೆ ಕಳಿಸಕಿಲ್ಲ" ಎಂದು ಅಲ್ಲೇ ಕೂರಿಸಿಬಿಡುವಳು. ಯಾರಿಗೂ ಹಿಡಿಯದ ಅಚ್ಚಿನವರಿಗೆ ಮಾತ್ರ ಕಟ್ಟೆಗೆ ಹೋಗಲು ಅಪ್ಪಣೆ.

ನಮ್ಮ ದೇವೀರಿ ಸಣ್ಣಜ್ಜಿಯ ಪರೀಕ್ಷೆಯಲ್ಲಿ ಗೆದ್ದು ಬಂದವಳು. ಗೆಲ್ಲದೆ ಏನು, ಅವಳ ಅಚ್ಚು ಯಾವುದಕ್ಕೆ ತಾನೇ ಹಿಡಿದೀತು! ಒಂದು ಹೋಳು ಗಿಣಿಯ ತಲೆ, ಇನ್ನೊಂದು ಹೋಳು ಗಡಿಗೆಯ ತಳ. ಎರಡೂ ಸೇರಿಸಿದರೆ ಒಳಗೆ ಒಂದು ಡುಬ್ಬ, ಡುಬ್ಬದ ಪಕ್ಕ ಒಂದು ಸೊಟ್ಟ ಕೊಕ್ಕೆ. ಹಿಂದಿನಿಂದ ನೋಡಿದರೂ ಅಷ್ಟೇ, ಮುಂದಿನಿಂದ ನೋಡಿದರೂ ಅಷ್ಟೇ, ಹೆಸರಿಟ್ಟು ಕರೆಯಲು ಬರುವ ಆಕಾರವೇ ಅಲ್ಲ.

ಅಚ್ಚಿನವರಲ್ಲಿ ಒಂದು ಜಂಬವಿತ್ತು, ಆ ಜಂಬದಿಂದಲೇ ಒಂದು ತಪ್ಪೂ ಹುಟ್ಟಿತ್ತು. ನೋಡಲು ಚೆಂದವಿದ್ದ ಅಚ್ಚಿನವರು ಕಟ್ಟೆಯ ಮುಂದಿನ ಸಾಲು. ಸುಮಾರಾದವರು ಹಿಂದಿನ ಸಾಲು. ಕೊರಳ ಕಟ್ಟೆಗೆ ಯಜಮಾನಿ ಚಿಕ್ಕತಾಯಮ್ಮ. ಅವಳದು ರೆಕ್ಕೆಯ ಗರಿಗರಿಯೂ ಕಾಣುವಂಥ ಗಿಣಿಯಚ್ಚು.

"ಏನವ್ವ ದೇವೀರಿ, ನಿನ್ನಚ್ಚಿಗೆ ಪಾಕ ಹೊಯ್ದರೆ ಏನು ಬತ್ತದೆ? ಗಿಣಿಯೋ, ಗಡಿಗೆಯೋ?" ಎಂದು ಅವಳು ಕೇಳಿದಳು. ಕಟ್ಟೆಯೆಲ್ಲ ನಕ್ಕಿತು.

"ಏನು ಬತ್ತದೋ ನಂಗೂ ಗೊತ್ತಿಲ್ಲ ಅಕ್ಕ. ಬಂದ ದಿನ ನೋಡೋಣ" ಎಂದಳು ದೇವೀರಿ.

"ಅಲ್ಲೀಗಂಟ ಇಲ್ಲಿ ಜಾಗ ತಿನ್ನಬೇಡ. ಕಂಕುಳ ಕಟ್ಟೆಯ ಮೂಲೆ ಖಾಲಿ ಅದೆ, ಹೋಗಿ ಕೂತ್ಕೊ."

ದೇವೀರಿಗೆ ಅಳು ಬಂತು. ಆದರೆ ಅಚ್ಚನ್ನು ಎಸೆಯಲಿಲ್ಲ, ಉಜ್ಜಿ ಸರಿಮಾಡಲೂ ಹೋಗಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಕಂಕುಳ ಕಟ್ಟೆಗೆ ಹೋದಳು. ಮೂಲೆಯಲ್ಲಿ ಕೂತು ದಿನವೂ ಅದರ ದಾರ ಬಿಚ್ಚಿ, ಧೂಳು ಒರೆಸಿ, ಮತ್ತೆ ಬಿಗಿದು ಕಟ್ಟಿದಳು.

ಹೀಗಿರುವಾಗ ಒಂದು ದಿನ ಗಾಳಿಯ ಬೆನ್ನೇರಿ ದಡಾರ ಬಂದ. ಅವನು ಧೂಳಿನ ಕಣಕ್ಕಿಂತಲೂ ಸಣ್ಣವನು, ಆದರೆ ತಲೆಯ ಮೇಲೆ ಮುಳ್ಳುಮುಳ್ಳಿನ ಟೋಪಿ.

"ಗಾಳಿಯಣ್ಣ, ಆ ಮಗು ಉಸಿರು ಎಳೆಯುವಾಗ ನನ್ನನ್ನು ಅಲ್ಲಿ ಇಳಿಸಿಬಿಡು" ಎಂದ.

"ಹೂವಿನ ಪುಡೀನೂ ಹೊರ್ತೀನಿ, ನಿನ್ನನ್ನೂ ಹೊರ್ತೀನಿ. ಯಾರು ಒಳ್ಳೇರು, ಯಾರು ಕೆಟ್ಟೋರು ಅಂತ ನೋಡೋದು ನನ್ನ ಕೆಲಸವಲ್ಲ" ಎಂದು ಗಾಳಿ ಅವನನ್ನು ಮೊಗ್ಗಿಯ ಮೂಗಿನ ಬಳಿ ಇಳಿಸಿ ಮುಂದೆ ಹೋಯಿತು.

ದಡಾರ ಟೋಪಿಯ ಮುಳ್ಳನ್ನು ಒಂದು ಮನೆಯ ಬಾಗಿಲಿಗೆ ಸಿಕ್ಕಿಸಿ ಒಳಗೆ ನುಗ್ಗಿದ. ಒಳಗೆ ಹೋದವನು ಸುಮ್ಮನಿದ್ದನೇ? ಆ ಮನೆಯವರ ಒಲೆ, ಅವರ ಹಿಟ್ಟು, ಅವರ ಕೈ. ಅವರಿಂದಲೇ ನೂರು ದಡಾರರನ್ನು ಮಾಡಿಸಿದ. ನೂರು ದಡಾರರು ನೂರು ಮನೆ ಹೊಕ್ಕರು. ಊರಿನ ನುಂಗುಬಾಕರು, ಕಂಡದ್ದನ್ನೆಲ್ಲ ನುಂಗುವುದೇ ಅವರ ಕೆಲಸ, ಬಾಯಿಗೆ ಸಿಕ್ಕಷ್ಟು ನುಂಗಿದರು. ಹತ್ತು ಮಂದಿಯನ್ನು ನುಂಗುವುದರೊಳಗೆ ಸಾವಿರ ಮಂದಿ ಹುಟ್ಟಿದರು. ಮೊಗ್ಗಿಯ ಮೈ ಕೆಂಡವಾಯಿತು, ಕಣ್ಣು ಕೆಂಪಾಯಿತು, ಕೆಮ್ಮು ಹತ್ತಿತು.

ಆಗ ಊರ ಕಾವಲುಗಾರ ಈರಯ್ಯ ಒಂದು ಕೆಲಸ ಮಾಡಿದ. ಈರಯ್ಯನಿಗೆ ಮೈತುಂಬ ಕೈ. ಒಬ್ಬ ದಡಾರನನ್ನು ಹಿಡಿದು ಅವನ ಟೋಪಿಯಿಂದ ಒಂದು ಮುಳ್ಳು ಕಿತ್ತುಕೊಂಡ. ಅದನ್ನು ಮೇಲೆತ್ತಿ ಹಿಡಿದು ತಿಳಿಹಳ್ಳದಲ್ಲಿ ಕೊರಳ ಕಟ್ಟೆಗೆ ಬಂದ.

"ನೋಡ್ರಮ್ಮಾ, ಯಾರ ಅಚ್ಚಿಗೆ ಹಿಡೀತದೆ? ಬೇಗ ನೋಡ್ರಿ!"

ಚಿಕ್ಕತಾಯಮ್ಮನ ಗಿಣಿಯಚ್ಚಿಗೆ ಮುಟ್ಟಿಸಿದ, ಹಿಡಿಯಲಿಲ್ಲ. ಹೂಬುಟ್ಟಿಗೆ ಮುಟ್ಟಿಸಿದ, ಹಿಡಿಯಲಿಲ್ಲ. ಮೀನಿಗೆ, ಮಂಟಪಕ್ಕೆ, ಬಾಳೆಗೊನೆಗೆ. ಮುಂದಿನ ಸಾಲು ಮುಗಿಯಿತು, ಹಿಂದಿನ ಸಾಲೂ ಮುಗಿಯಿತು. ಹೊಸಬರು ಬಂದರು, ಅವರದೂ ಮುಗಿಯಿತು. ಹಿಡಿಯಲಿಲ್ಲ, ಹಿಡಿಯಲಿಲ್ಲ, ಯಾರದಕ್ಕೂ ಹಿಡಿಯಲಿಲ್ಲ.

ಈ ಸುದ್ದಿ ಕೆಂಪು ಹೊಳೆಯಲ್ಲಿ ತೇಲಿ ಕಂಕುಳ ಕಟ್ಟೆಯವರೆಗೂ ಬಂತು. "ಕೊರಳ ಕಟ್ಟೇಲಿ ಯಾರ ಅಚ್ಚೂ ಹಿಡೀತಿಲ್ವಂತೆ. ಈರಯ್ಯನ ಕೈ ಸೋತು ಬರ್ತಾ ಅವೆಯಂತೆ. ಇನ್ನೆರಡು ದಿನ ಹಿಂಗೇ ಆದರೆ ಮಗು ಉಳಿಯಾಕಿಲ್ವಂತೆ."

ದೇವೀರಿ ಮೂಲೆಯಿಂದ ಎದ್ದು ನಿಂತಳು.

"ಎಲ್ಲಿಗೆ?" ಎಂದಿತು ತಿಳಿಹಳ್ಳ, ನಿದ್ದೆಗಣ್ಣಿನಲ್ಲಿ.

"ಕೊರಳ ಕಟ್ಟೆಗೆ. ನನ್ನ ಕರ್ಕೊಂಡು ಹೋಗು."

"ನಾನು ಹೆಂಗೆ ಹರೀಲಿ ತಾಯಿ? ಮಗು ಕೈ ಆಡಿಸ್ತಿಲ್ಲ, ಕಾಲು ಆಡಿಸ್ತಿಲ್ಲ. ನನ್ನ ತಳ್ಳೋರು ಯಾರು?"

"ತಳ್ಳೋರು ಬರೋಗಂಟ ನಾನು ನಡೀತೀನಿ" ಎಂದು ದೇವೀರಿ ಹಳ್ಳಕ್ಕೆ ಇಳಿದೇಬಿಟ್ಟಳು. ನಿಂತ ನೀರಿನಲ್ಲಿ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಕೊರಳೇನು ಪಕ್ಕದ ಮನೆಯೇ? ತಿಳಿಹಳ್ಳ ದಾಟಿ ಕೆಂಪು ಹೊಳೆ ಸೇರಬೇಕು, ಗುಂಡಿಗೆಯ ಸುಳಿ ದಾಟಬೇಕು, ಆಮೇಲೆ ಕೊರಳು. ಅವಳು ನಡೆಯುತ್ತಲೇ ಇದ್ದಳು. ಕಾಲು ಸೋತರೂ ನಡೆದಳು.

ಹೊರಗೆ ತಾಯಿ ಮಗಳ ಪಕ್ಕದಲ್ಲಿ ಕೂತಿದ್ದಳು. "ಮೊಗ್ಗೀ, ಒಂದು ಗುಟುಕು ಗಂಜಿ ಕುಡಿ ಕಂದಾ" ಎಂದರೆ ಮೊಗ್ಗಿ ತುಟಿ ತೆರೆಯಲಿಲ್ಲ. ಏನು ಮಾಡಬೇಕೆಂದು ತಾಯಿಗೆ ತಿಳಿಯದು. ಕೇಳೋಣವೆಂದರೆ ಹಿಂದೆ ಯಾರಿಗೂ ಹೀಗಾದದ್ದಿಲ್ಲ. ಒದ್ದೆ ಬಟ್ಟೆಯಲ್ಲಿ ಮಗಳ ಮೈ ಒರೆಸಿದಳು. ಮಗಳ ಕೈಯನ್ನು ಮೇಲೆತ್ತಿ ಒರೆಸಿದಳು, ಇಳಿಸಿ ಒರೆಸಿದಳು, ಮತ್ತೆ ಎತ್ತಿ ಒರೆಸಿದಳು.

ತಿಳಿಹಳ್ಳ ಮೈಮುರಿದು ಎದ್ದಿತು. "ತಳ್ಳೋರು ಬಂದ್ರು ಕಣವ್ವ, ಗಟ್ಟಿಯಾಗಿ ಹಿಡ್ಕೊ!" ಎಂದು ದೇವೀರಿಯನ್ನು ಎತ್ತಿಕೊಂಡು ಓಡಿತು. ಹಳ್ಳ ಅವಳನ್ನು ಕೆಂಪು ಹೊಳೆಗೆ ಕೊಟ್ಟಿತು, ಕೆಂಪು ಹೊಳೆ ಗುಂಡಿಗೆಗೆ ಕೊಟ್ಟಿತು, ಗುಂಡಿಗೆ ಅವಳನ್ನು ಒಂದೇ ಏಟಿಗೆ ಕೊರಳ ಕಟ್ಟೆಯ ಮೇಲೆ ಎಸೆಯಿತು.

ಈರಯ್ಯನ ಕೈಗಳು ಜೋತುಬಿದ್ದಿದ್ದವು. ಚಿಕ್ಕತಾಯಮ್ಮ ದೇವೀರಿಯನ್ನು ನೋಡಿ ಹಣೆ ಚಚ್ಚಿಕೊಂಡಳು.

"ನೀನ್ಯಾಕವ್ವ ಬಂದೆ? ಇದು ಆಟ ಆಡೋ ಹೊತ್ತಲ್ಲ. ಒಳ್ಳೊಳ್ಳೆ ಅಚ್ಚುಗಳೇ ಹಿಡೀಲಿಲ್ಲ, ನಿಂದು ಹಿಡೀತದಾ?"

"ಅಕ್ಕ, ಬಂದಿರೋನು ಗಿಣಿಯೂ ಅಲ್ಲ, ಹೂಬುಟ್ಟಿಯೂ ಅಲ್ಲ. ನಾವು ಕಂಡಿರೋ ಯಾವುದೂ ಅಲ್ಲ. ಅವನಿಗೆ ಚೆಂದದ ಅಚ್ಚೇ ಹಿಡೀಬೇಕು ಅಂತ ಯಾರು ಹೇಳಿದ್ದು?"

ದೇವೀರಿ ಈರಯ್ಯನ ಕಡೆ ತಿರುಗಿದಳು.

"ಈರಯ್ಯಣ್ಣ, ಒಂದು ಸಲ ಮುಟ್ಟಿಸು. ಹಿಡೀದೆ ಹೋದರೆ ನಾನೇ ಎದ್ದು ಹೋಯ್ತೀನಿ. ಮುಟ್ಟಿಸದೆ ಮಾತ್ರ ನಾನು ಇಲ್ಲಿಂದ ಕದಲಾಕಿಲ್ಲ."

ಈರಯ್ಯ ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಒಂದು ಕೈ ಎತ್ತಿದ. ಮುಳ್ಳನ್ನು ಸೊಟ್ಟ ಅಚ್ಚಿಗೆ ಮುಟ್ಟಿಸಿದ.

ಟಕ್.

ಡುಬ್ಬದಲ್ಲಿ ಡುಬ್ಬ ಕೂತಿತು, ಕೊಕ್ಕೆಯಲ್ಲಿ ಕೊಕ್ಕೆ ಕೂತಿತು.

ಆದರೆ ಅಚ್ಚು ಹಿಡಿದರೆ ಸಾಲದು. ಆ ಊರಿನಲ್ಲಿ ಒಂದು ಕಟ್ಟಳೆ ಇದೆ. ಒಬ್ಬಳ ಕಣ್ಣು ಮೋಸ ಹೋದೀತು, ಆತುರದಲ್ಲಿ ಮನೆಯವರ ಮೇಲೆಯೇ ಕೈ ಮಾಡಿಯಾಳು. ಅದಕ್ಕೇ ಪಕ್ಕದಲ್ಲಿರುವ ಇನ್ನೊಬ್ಬಳು ಪರೀಕ್ಷಿಸಿ "ಹೌದು" ಎನ್ನಬೇಕು. ಆಗಲೇ ಯುದ್ಧ. ದೇವೀರಿಯ ಪಕ್ಕದಲ್ಲಿದ್ದವಳು ಚಿಕ್ಕತಾಯಮ್ಮನೇ.

ಚಿಕ್ಕತಾಯಮ್ಮ ಮುಳ್ಳನ್ನು ಹಿಡಿದು ಎಳೆದಳು, ಬರಲಿಲ್ಲ. ತಿರುಚಿದಳು, ಬರಲಿಲ್ಲ. ಕಾಲು ಕೊಟ್ಟು ಎಳೆದಳು, ಆಗಲೂ ಬರಲಿಲ್ಲ.

"ಹೌದು!" ಎಂದು ಅವಳು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. ಆಮೇಲೆ ದನಿ ತಗ್ಗಿಸಿ, "ಹಿತ್ತಲ ಗಿಡ ಮದ್ದಲ್ಲ ಅಂತ ನಿನ್ನ ದೂರ ಕಳಿಸ್ದೆ. ನನ್ನದೇ ತಪ್ಪು ಕಣವ್ವ" ಎಂದಳು.

"ತಪ್ಪು ಒಪ್ಪು ಆಮೇಲೆ ನೋಡೋಣ ಅಕ್ಕ. ಮೊದಲು ಮಗು" ಎಂದಳು ದೇವೀರಿ.

ಕೂಗು ಬಿದ್ದದ್ದೇ ತಡ, ದೇವೀರಿಯ ಮೈ ಬೆಚ್ಚಗಾಯಿತು. ಒಬ್ಬ ದೇವೀರಿ ಇಬ್ಬರಾದಳು. ಇಬ್ಬರು ನಾಲ್ವರಾದರು. ನಾಲ್ವರು ಎಂಟಾದರು. ಎಲ್ಲರ ಕೈಯಲ್ಲೂ ಅದೇ ಸೊಟ್ಟ ಅಚ್ಚು. ಕೆಲವರು ಅದನ್ನು ಇನ್ನಷ್ಟು ಉಜ್ಜಿ, ಕೆತ್ತಿ, ಮುಳ್ಳಿಗೆ ಇನ್ನೂ ಬಿಗಿಯಾಗಿ ಕೂರುವ ಹಾಗೆ ಮಾಡಿಕೊಂಡರು. ಸಾವಿರವಾದರು, ಹತ್ತು ಸಾವಿರವಾದರು. ಕೊರಳ ಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲದೆ ಕಟ್ಟೆಯೇ ಉಬ್ಬಿತು. ಮೊಗ್ಗಿಯ ದವಡೆಯ ಕೆಳಗೆ ಗಡ್ಡೆ ಎದ್ದದ್ದನ್ನು ತಾಯಿ ಮುಟ್ಟಿ ನೋಡಿ, "ಇದೊಂದು ಬಾಕಿ ಇತ್ತೇ!" ಎಂದು ಕಣ್ಣೀರಿಟ್ಟಳು.

ಇಷ್ಟಾಗಲು ದಿನಗಳೇ ಹಿಡಿದವು. ಒಬ್ಬಳಿಂದ ಒಂದು ಸೇನೆ ಎದ್ದು ನಿಲ್ಲುವುದೆಂದರೆ ಸುಮ್ಮನೆಯೇ? ಅಷ್ಟು ದಿನವೂ ಮೊಗ್ಗಿಯ ಜೀವ ಒಂದು ಎಳೆಯ ಮೇಲಿತ್ತು. ಅಷ್ಟು ದಿನವೂ ತಾಯಿ ಒದ್ದೆ ಬಟ್ಟೆ ಕೆಳಗಿಡಲಿಲ್ಲ.

ಒಂದು ಬೆಳಿಗ್ಗೆ ದೇವೀರಿಯರು ಕಟ್ಟೆಯಿಂದ ಹೊರಟರು. ಕೆಂಪು ಹೊಳೆಗೆ ಇಳಿದು ದಡಾರ ಹೊಕ್ಕ ಮನೆಮನೆಗೂ ನುಗ್ಗಿದರು. ಮೊದಲು ಕಿವಿಯ ಹಿಂದೆ, ಆಮೇಲೆ ಹಣೆ, ಕೆನ್ನೆ, ಎದೆ, ಹೊಟ್ಟೆ. ಎಲ್ಲೆಲ್ಲಿ ಅವರು ದಡಾರನನ್ನು ಹಿಡಿದು ಕಾದಾಡಿದರೋ ಅಲ್ಲಲ್ಲಿ ಮೊಗ್ಗಿಯ ಚರ್ಮದ ಮೇಲೆ ಒಂದೊಂದು ಕೆಂಪು ಗುಳ್ಳೆ ಎದ್ದಿತು.

ತಾಯಿ ಅದನ್ನು ನೋಡಿ ಎದೆ ಬಡಿದುಕೊಂಡಳು. "ನನ್ನ ಮಗಳ ಮೈಗೇ ಬೆಂಕಿ ಬಿತ್ತಲ್ಲಪ್ಪಾ!"

ಬಾಗಿಲ ಬಳಿ ಗಾಳಿ ನಿಂತಿತ್ತು. ಹೌದು, ನಿಂತಿತ್ತು. ತಾನು ಹೊತ್ತು ತಂದದ್ದರಿಂದ ಏನಾಯಿತೆಂದು ಕಂಡು ಅದಕ್ಕೆ ನಾಚಿಕೆಯಾಗಿತ್ತು.

"ಅಳಬೇಡ ತಾಯಿ" ಎಂದಿತು. "ನಾನು ಮಗುವಿನ ಉಸಿರಿನ ಜೊತೆ ಒಳಗೆ ಹೋಗಿ ನೋಡ್ಕೊಂಡು ಬಂದೆ. ಈ ಕೆಂಪು ದಡಾರಂದಲ್ಲ, ನಿಮ್ಮೋರದು. ನಿಮ್ಮೋರು ಅವನ್ನ ಹಿಡಿದವ್ರೆ. ಇನ್ನು ಎರಡು ದಿನ ಧೈರ್ಯವಾಗಿರು."

ಒಳಗೆ ದೇವೀರಿಯರು ಅಚ್ಚು ಒತ್ತುತ್ತಿದ್ದರು. ಅದೇ ಸೊಟ್ಟ ಗುಂಡಿಯಿದ್ದ ಪುಟ್ಟ ಬಿಲ್ಲೆಗಳನ್ನು ಒತ್ತಿ ತೆಗೆದು ಹಿಡಿಹಿಡಿಯಾಗಿ ಹೊಳೆಗೆ ತೂರುತ್ತಿದ್ದರು. ಒಂದೊಂದು ಬಿಲ್ಲೆಯೂ ಹೋಗಿ ದಡಾರನ ಟೋಪಿಯ ಒಂದೊಂದು ಮುಳ್ಳಿಗೆ ಅಂಟಿಕೊಳ್ಳುತ್ತಿತ್ತು. ಬಿಲ್ಲೆ ಅಂಟಿದ ಮುಳ್ಳು ಬಾಗಿಲಿಗೆ ಸಿಕ್ಕುವುದೆಲ್ಲಿ? ದಡಾರ ಈ ಮನೆಗೆ ಹಾರಿದ, ಜಾರಿದ. ಆ ಮನೆಗೆ ಹಾರಿದ, ಜಾರಿದ. ಬಿಲ್ಲೆ ಮೆತ್ತಿಕೊಂಡು ಹೊರಳಾಡುತ್ತಿದ್ದವನನ್ನು ನುಂಗುಬಾಕರು ಹಬ್ಬದೂಟದ ಹಾಗೆ ನುಂಗಿದರು. ಒತ್ತು, ತೂರು. ಒತ್ತು, ತೂರು. ದೇವೀರಿ ಕೈ ನಿಲ್ಲಿಸಲಿಲ್ಲ.

ಎರಡನೆಯ ದಿನ ಸಂಜೆಗೆ ಮೊಗ್ಗಿಯ ಹಣೆ ಬೆವರಿತು. ಮೂರನೆಯ ದಿನ ಕಣ್ಣು ಬಿಟ್ಟು, "ಅವ್ವಾ, ಹಸಿವು" ಎಂದಳು.

ತಾಯಿ ನಕ್ಕಳೋ ಅತ್ತಳೋ, ಗಂಜಿಗೆ ಉಪ್ಪು ಹಾಕಲು ಮರೆತಳು. ಮೊಗ್ಗಿ ಸಪ್ಪೆ ಗಂಜಿಯನ್ನೇ ಎರಡು ಬಟ್ಟಲು ಕುಡಿದಳು.

ಒಳಗಿನ ಊರಿನಲ್ಲೂ ಸಂತೋಷವಾಯಿತು. ಜೊತೆಗೆ ದುಃಖವೂ ಇತ್ತು. ಯುದ್ಧ ಮುಗಿದ ಮೇಲೆ ಅಷ್ಟೊಂದು ಸಾವಿರ ದೇವೀರಿಯರನ್ನು ಊರು ಹೇಗೆ ಸಾಕೀತು? ಕೆಲಸವಿಲ್ಲದ ಸೇನೆ ಮನೆಗೇ ಮುಳುವು. ಅವರಿಗೂ ಅದು ಗೊತ್ತಿತ್ತು. ಒಬ್ಬೊಬ್ಬರಾಗಿ ಹೊಳೆಯ ದಡದಲ್ಲಿ ಮಲಗಿದರು, ಮಲಗಿದವರು ಮತ್ತೆ ಏಳಲಿಲ್ಲ. ಮೊದಲ ದೇವೀರಿ ತನ್ನ ಮುಖವನ್ನೇ ಹೊತ್ತ ಅಷ್ಟೂ ಜನರನ್ನು ನೋಡಿ ಬಿಕ್ಕಿಬಿಕ್ಕಿ ಅತ್ತಳು.

ಚಿಕ್ಕತಾಯಮ್ಮ ಬಂದು ಅವಳ ಕೈ ಹಿಡಿದಳು. "ನೀನು ಮಲಗಬಾರದು ದೇವೀರಿ. ನೀನೂ ಇನ್ನೊಂದಷ್ಟು ಜನವೂ ಇರಬೇಕು. ಅವನು ಮತ್ತೆ ಬಂದರೆ ಗುರುತು ಹಿಡಿಯೋರು ಯಾರು? ಅವನ ಮುಳ್ಳು ಹೆಂಗಿತ್ತು ಅಂತ ಮರೆತುಬಿಡ್ತೀಯಾ?"

"ಹೆಂಗೆ ಮರೀಲಿ ಅಕ್ಕ?" ಎಂದಳು ದೇವೀರಿ, ಕಣ್ಣು ಒರೆಸಿಕೊಂಡು. "ಅಚ್ಚೊತ್ತಿಬಿಟ್ಟದೆ." ಮರೆಯಲಾಗದ್ದಕ್ಕೆ ಅಚ್ಚೊತ್ತಿದೆ ಎನ್ನುವ ಮಾತು ಹುಟ್ಟಿದ್ದು ಆಗಲೇ.

ದೇವೀರಿ ಮೂಳೆಯ ಗುಡ್ಡ ಹತ್ತಿ ಕೂತಳು. ಮೊಗ್ಗಿ ಬೆಳೆದಳು. ಎದೆಮೂಳೆಯ ಹಿಂದಿನ ಸಣ್ಣಜ್ಜಿ ವರ್ಷವರ್ಷಕ್ಕೂ ಸಣ್ಣಗಾಗುತ್ತಾ ಹೋದಳು. ಮೊಗ್ಗಿಗೆ ಮಕ್ಕಳಾದರು, ಮೊಮ್ಮಕ್ಕಳಾದರು, ತಲೆ ನರೆಯಿತು, ಹಲ್ಲು ಬಿದ್ದವು. ಗುಡ್ಡದ ಮೇಲೆ ದೇವೀರಿ ದಾರ ಬಿಗಿದ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು, ಆಗಾಗ ಒಂದೊಂದು ಬಿಲ್ಲೆ ಒತ್ತಿ ಹೊಳೆಗೆ ತೂರುತ್ತಾ ಕೂತೇ ಇದ್ದಳು.

ಅರವತ್ತು ವರ್ಷದ ಮೇಲೆ ದಡಾರ ಮತ್ತೆ ಬಂದ. ಮೊಗ್ಗಿಯ ಮೊಮ್ಮಗ ತಿರುಕ ಕೆಂಡದಂಥ ಜ್ವರದಲ್ಲಿ ಮಲಗಿದ. ಕೇರಿಯವರೆಲ್ಲ ಮಕ್ಕಳನ್ನು ಎತ್ತಿಕೊಂಡು ಹೊಳೆಯಾಚೆಗೆ ಹೋದರು. ತಿರುಕನ ತಾಯಿಯ ಕಂಕುಳಲ್ಲಿ ಆರು ದಿನದ ಹಸುಗೂಸು. ಅವಳು ಒಳಗೂ ಬರಲಾರಳು, ದೂರವೂ ಹೋಗಲಾರಳು, ಬೇಲಿಯಾಚೆ ನಿಂತು ಅಳುತ್ತಿದ್ದಳು.

"ನೀನು ಕೂಸು ಕರ್ಕೊಂಡು ನಡಿ ಮಗಳೇ. ಇವನ ಹತ್ರ ನಾನಿರ್ತೀನಿ" ಎಂದಳು ಮೊಗ್ಗಿ.

"ನಿಂಗೂ ಹತ್ಕೊಂಡ್ರೆ ಏನವ್ವ ಮಾಡೋದು?"

"ನೋಡೇಬಿಡೋಣ ನಡಿ" ಎಂದು ಮೊಗ್ಗಿ ಒಳಗೆ ಹೋಗಿ ಮೊಮ್ಮಗನನ್ನು ಮಡಿಲಿಗೆ ಎಳೆದುಕೊಂಡಳು. ತಿರುಕ ಅವಳ ಮುಖದ ಮೇಲೆಯೇ ಕೆಮ್ಮಿದ.

ಆ ಕೆಮ್ಮಿನಲ್ಲಿ ಸಾವಿರ ದಡಾರರು ಮೊಗ್ಗಿಯ ಮೂಗು ಹೊಕ್ಕರು. ಟೋಪಿ ಸರಿಮಾಡಿಕೊಂಡು ಬಾಗಿಲಿಗೆ ಮುಳ್ಳು ಚಾಚಿದರು. ಈ ಸಲ ಈರಯ್ಯ ಸಾಲುಸಾಲಾಗಿ ಹುಡುಕಬೇಕಾಗಲಿಲ್ಲ, ಯಾರೂ ಹಳ್ಳದಲ್ಲಿ ನಡೆಯಬೇಕಾಗಲಿಲ್ಲ. ದೇವೀರಿಯ ಬಿಲ್ಲೆಗಳು ಆಗಲೇ ಹೊಳೆಯ ತುಂಬ ತೇಲುತ್ತಿದ್ದವು. ಮುಳ್ಳು ಕಂಡಕಂಡಲ್ಲಿ ಟಕ್, ಟಕ್, ಟಕ್ ಎಂದು ಅಂಟಿಕೊಂಡವು. ಗುಡ್ಡದ ಮೇಲಿಂದ ದೇವೀರಿ ಸೆರಗು ಬಿಗಿದು ಇಳಿದು ಬಂದು, "ಬಂದ್ಯಾ? ನಿನಗೇ ಕಾಯ್ತಿದ್ದೆ" ಎಂದಳು. ಒಂದು ಮನೆಯ ಬಾಗಿಲೂ ಮುರಿಯಲಿಲ್ಲ.

ಮೊಗ್ಗಿಗೆ ಇದೊಂದೂ ತಿಳಿಯಲಿಲ್ಲ. ಒಂದು ಸಲ ಸೀನಿದಳು, ಅಷ್ಟೇ. ಒದ್ದೆ ಬಟ್ಟೆ ಹಿಂಡಿ ಮೊಮ್ಮಗನ ಕೈಯನ್ನು ಮೇಲೆತ್ತಿ ಒರೆಸಿದಳು, ಇಳಿಸಿ ಒರೆಸಿದಳು. ಅವನ ಮೈಯೊಳಗೂ ಯಾವಳೋ ಒಬ್ಬಳು ಸೊಟ್ಟ ಅಚ್ಚಿನವಳು ಎದ್ದು ಹೊರಟಿದ್ದಳು. ಅವಳು ತಲುಪುವವರೆಗೆ ಅಜ್ಜಿ ಅವನನ್ನು ಬಿಟ್ಟು ಕದಲಲಿಲ್ಲ.

ಅದಕ್ಕೇ ಮಗು, ದಡಾರ ಎದ್ದ ಮನೆಯಿಂದ ಎಲ್ಲರೂ ಮಾರು ದೂರ ಹೋದರೂ, ಎಳೆತನದಲ್ಲಿ ಅದನ್ನು ಒಮ್ಮೆ ಗೆದ್ದ ಅಜ್ಜಿ ಮಾತ್ರ ಇವತ್ತಿಗೂ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಅದು ಬಿಟ್ಟ ಎಂಜಲು ಗಂಜಿಯನ್ನೂ ತಾನೇ ಕುಡಿದು, ಹೆದರದೆ ಕೂತಿರುತ್ತಾಳೆ.